ಈ ಎಲುಬು ಯಾರದು?

ಊರಲ್ಲಿ ಅನಾಥ ಹೆಣ ಬಿದ್ದರೆ ಮೊದಲು ನೆನಪಾಗುವುದು ನಮ್ಮ ಕೇರಿ. ಹಾರೆ, ಗುದ್ದಲಿ ನಮ್ಮವು. ಹೆಣದ ಹೆಸರು ಮಾತ್ರ ನಮಗೆ ಯಾರೂ ಹೇಳುವುದಿಲ್ಲ. ಹಾಗಾಗಿ 2025ರ ಜುಲೈನಲ್ಲಿ ಒಬ್ಬ ಮಾಜಿ ಸಫಾಯಿ ಕೆಲಸಗಾರ, ದಲಿತ, ಧರ್ಮಸ್ಥಳದಲ್ಲಿ ನೂರಾರು ಹೆಣ ಹೂತಿದ್ದೇನೆ ಎಂದು ದೂರು ಕೊಟ್ಟಾಗ, ಕುಮಟಾದಲ್ಲಿ ಕೂತ ನಮಗೆ ಅದು ಪರವೂರಿನ ಸುದ್ದಿ ಅನ್ನಿಸಲಿಲ್ಲ. ಎಸ್‌ಐಟಿ ಬಂತು. ಅಗೆಯಲು ಜೆಸಿಬಿಯೂ ಬಂತು. ಜುಲೈ 31ಕ್ಕೆ ಆರನೇ ಜಾಗದಲ್ಲಿ ಎಲುಬು ಸಿಕ್ಕಿತು. ಆಗಸ್ಟ್ 23ಕ್ಕೆ ದೂರುದಾರನೇ ಸುಳ್ಳುಸಾಕ್ಷಿಯ ಆರೋಪದಲ್ಲಿ ಬಂಧಿತನಾದ. "ಅಂವ ಹೇಳಿದ್ದು ಪೂರಾ ಸುಳ್ಳಂತೆ, ಮುಗೀತಲ್ಲ" ಎಂದು ಪೇಟೆಯಲ್ಲಿ ನಕ್ಕರು.

ಅಂವ ಹೇಳಿದ್ದು ಸುಳ್ಳೋ ನಿಜವೋ ಕೋರ್ಟು ಹೇಳಲಿ. ಸೆಪ್ಟೆಂಬರಿನಲ್ಲಿ ಅಲ್ಲಿನ ಬಂಗ್ಲೆಗುಡ್ಡೆಯ ಕಾಡಲ್ಲಿ ತಲೆಬುರುಡೆಗಳು ಸಿಕ್ಕವಲ್ಲ, ಅವೂ ಸುಳ್ಳು ಹೇಳುತ್ತವೆಯೇ?

ಅರ್ಜೆಂಟೀನಾದಲ್ಲಿ 1983ರಲ್ಲಿ ಮಿಲಿಟರಿ ಆಳ್ವಿಕೆ ಬಿದ್ದ ಮೇಲೆ ಮೊದಮೊದಲು ಬುಲ್ಡೋಜರಿನಿಂದ ಗೋರಿ ಅಗೆದರು. ಎಲುಬು ಮುರಿದವು, ಒಬ್ಬರದು ಇನ್ನೊಬ್ಬರದಕ್ಕೆ ಬೆರೆತು ಹೋಯಿತು. 1984ರಲ್ಲಿ ಅಮೆರಿಕದ ಮೂಳೆತಜ್ಞ ಕ್ಲೈಡ್ ಸ್ನೋ ಅಲ್ಲಿಗೆ ಹೋದ; ಕಾಲೇಜು ಹುಡುಗ ಹುಡುಗಿಯರನ್ನೇ ಕಟ್ಟಿಕೊಂಡು ಕರಣೆ, ಕುಂಚ ಹಿಡಿದು ಗುಂಡಿಗಿಳಿದ. ಪದರ ಪದರವಾಗಿ ಮಣ್ಣು ತೆಗೆದು ಜರಡಿ ಹಿಡಿದರು. ಸೊಂಟದ ಎಲುಬು ಗಂಡೋ ಹೆಣ್ಣೋ ಹೇಳುತ್ತದೆ. ಹಲ್ಲು ವಯಸ್ಸು ಹೇಳುತ್ತದೆ. ಬುರುಡೆಯ ತೂತು ಗುಂಡು ಬಂದ ದಿಕ್ಕು ಹೇಳುತ್ತದೆ. 1985ರಲ್ಲಿ ಜನರಲ್‌ಗಳ ವಿಚಾರಣೆಯಲ್ಲಿ ಆ ಎಲುಬುಗಳೇ ಸಾಕ್ಷಿಯಾದವು.

ನಮ್ಮ ಕರಾವಳಿಯ ಚಿರೆಕಲ್ಲಿನ ಮಣ್ಣು ಹುಳಿ, ಮಳೆಯೂ ಜಾಸ್ತಿ. ಎಲುಬನ್ನು ಅದು ಬೇಗ ತಿಂದುಬಿಡುತ್ತದೆ. ಗುಂಡಿ ತೋಡಿ ಬಲ್ಲ ನಮಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ. ಅಗೆಯುವವರು ಬೇಗ ಬರಲಿ, ಜೆಸಿಬಿ ಬಿಟ್ಟು ಕರಣೆ ಹಿಡಿದು ಬರಲಿ.