ನಾಲ್ಕು ಗೆರೆಗಳ ತಪ್ಪು

ಕಳೆದ ಭಾನುವಾರ ಪಕ್ಕದ ಮನೆಯ ಪಿಯುಸಿ ಹುಡುಗ ಕಟಿಂಗ್ ಪ್ಲೇಯರ್ ಕೇಳಿಕೊಂಡು ಬಂದ. ಸೈಕಲ್ಲಿನ ಬ್ರೇಕ್ ತಂತಿ ಸಡಿಲವಾಗಿತ್ತಂತೆ. ತೆಗೆದುಕೊಟ್ಟೆ. ಹೀಗೆ ಮನೆ ಬಿಟ್ಟು ಹೋದ ಸುತ್ತಿಗೆ, ಸ್ಕ್ರೂಡ್ರೈವರ್‌ಗಳಲ್ಲಿ ಎಷ್ಟೋ ಇನ್ನೂ ತವರಿಗೆ ಮರಳಿಲ್ಲ. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂದು ನನ್ನ ಹೆಂಡತಿ ಪ್ರತಿ ಬಾರಿಯೂ ನೆನಪಿಸುತ್ತಾಳೆ. ಆದರೆ ಈ ಹುಡುಗ ಸಂಜೆಗೇ ಬಂದ. ಪ್ಲೇಯರನ್ನು ಕೈಗಿಡುವ ಮೊದಲೇ, 'ಸಾರ್, ಕೈತಪ್ಪಿ ಕಲ್ಲಿನ ಮೇಲೆ ಬಿತ್ತು. ಹಿಡಿಯ ರಬ್ಬರು ಇಲ್ಲಿ ಸೀಳಿದೆ. ಹೊಸದು ತಂದುಕೊಡಲೇ?' ಎಂದು ಕೇಳಿದ. ನೋಡಿದರೆ ಸೀಳು ಹಿಡಿಯ ಒಳಮಗ್ಗುಲಲ್ಲಿತ್ತು. ಅವನು ಹೇಳದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೇನ್ ಆರಿಸದೆ ಸ್ವಿಚ್‌ಬೋರ್ಡಿಗೆ ಕೈ ಹಾಕಬಾರದೆಂದು ಮೂವತ್ತು ವರ್ಷ ಪಾಠ ಹೇಳಿದ ನಾನೇ, ಅವಸರದಲ್ಲಿ ಎಷ್ಟೋ ಸಲ ಆ ನಿಯಮ ಮುರಿದಿದ್ದೇನೆ. 230 ವೋಲ್ಟಿಗೂ ನನ್ನ ಅಂಗೈಗೂ ನಡುವೆ ಇದ್ದದ್ದು ಆ ರಬ್ಬರಿನ ಹೊದಿಕೆ ಮಾತ್ರ.

'ಹೊಸದು ಬೇಡ, ಹೇಳಿದೆಯಲ್ಲ, ಅಷ್ಟು ಸಾಕು' ಎಂದು ಕಳುಹಿಸಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೇಳು ವರ್ಷದ ಆ ಹುಡುಗ ಅರೆ ನಿಮಿಷದಲ್ಲಿ ಮಾಡಿದ ಕೆಲಸವನ್ನು, ನಾನು ಇಪ್ಪತ್ತೆಂಟರ ವಯಸ್ಸಿನಲ್ಲಿ ಬಿಎಸ್‌ಸಿ, ಬಿಎಡ್ ಮುಗಿಸಿಕೊಂಡೂ ಮಾಡಲಾರದೆ ಹೋಗಿದ್ದೆ.

ಅದು 1998ರ ಮಾತು. ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಮೇಷ್ಟ್ರಾಗಿದ್ದೆ. ಶಾಲೆಯಲ್ಲಿ ಎರಡು ಸ್ಕ್ರೂ ಗೇಜುಗಳಿದ್ದವು. ಒಂದು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಇನ್ನೊಂದು ತಿರುಗಿದರೆ ನಿಲ್ಲುತ್ತಿರಲಿಲ್ಲ. ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಬಹುದಿತ್ತು. ಆದರೆ ಹೊಸ ಮೇಷ್ಟ್ರ ಹುಮ್ಮಸ್ಸು. ಅವರವರ ತಲೆಗೂದಲನ್ನು ಅವರವರ ಕೈಯಿಂದಲೇ ಅಳೆಸಬೇಕೆಂದು ಹಟ ತೊಟ್ಟೆ.

ಊರಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗೆಳೆಯನ ಲೇತ್ ಅಂಗಡಿ ಇತ್ತು. ನನ್ನ ಜತೆಯಲ್ಲೇ ಹತ್ತನೆಯ ತರಗತಿವರೆಗೆ ಓದಿದವನು. ನಂತರ ಐಟಿಐನಲ್ಲಿ ಟರ್ನರ್ ಕಲಿತವನು. ಅವನ ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿತ್ತು. ಯಾವುದು ಜಾಗದಲ್ಲಿಲ್ಲವೋ ಅದರ ನೆರಳು ಮಾತ್ರ ಕಾಣುತ್ತಿತ್ತು. ಮೈಕ್ರೋಮೀಟರ್ ಮಾತ್ರ ಆ ಹಲಗೆಯ ಮೇಲಿರುತ್ತಿರಲಿಲ್ಲ. ಮರದ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದ. ಶಾಲೆಯ ಸ್ಕ್ರೂ ಗೇಜಿಗೆ ಕಾರ್ಖಾನೆಯಲ್ಲಿ ಇರುವ ಹೆಸರೇ ಮೈಕ್ರೋಮೀಟರ್. ಎರಡು ದಿನಕ್ಕೆ ಕೇಳಿದಾಗ ಅವನು ಸ್ವಲ್ಪ ತಡವರಿಸಿದ್ದು ನನಗೆ ಇಂದಿಗೂ ನೆನಪಿದೆ. ಆಮೇಲೆ ಕೊಟ್ಟ. 'ಸೊನ್ನೆಗೆ ಸರಿಯಿದೆ, ನೋಡಿಕೋ' ಎಂದು ಮುಚ್ಚಿ ತೋರಿಸಿಯೇ ಕೊಟ್ಟ.

ಪಾಲಕರಿಗೆ ಮರೆತಿರಬಹುದು, ಸ್ವಲ್ಪ ನೆನಪಿಸುತ್ತೇನೆ. ಈ ಉಪಕರಣದ ಒಳಗೆ ಅತಿ ನಯವಾದ ತಿರುಪು ಇದೆ. ಒಂದು ಸುತ್ತು ತಿರುಗಿಸಿದರೆ ಅದರ ಕಡ್ಡಿ ಅರ್ಧ ಮಿಲಿಮೀಟರ್ ಮುಂದೆ ಸರಿಯುತ್ತದೆ. ತಿರುಗುವ ಕೊಳವೆಯ ಸುತ್ತ 50 ಗೆರೆಗಳಿವೆ. ಅಲ್ಲಿಗೆ ಒಂದು ಗೆರೆ ಎಂದರೆ 0.01 ಮಿ.ಮೀ. ಫ್ರಾನ್ಸಿನ ಪಾಮರ್ ಎಂಬಾತ ಇದಕ್ಕೆ 1848ರಲ್ಲಿ ಪೇಟೆಂಟ್ ಪಡೆದ. ಎರಡು ಮುಖಗಳೂ ಒಂದಕ್ಕೊಂದು ತಾಗಿದಾಗ ಅದು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಅದೇ ಶೂನ್ಯ ದೋಷ. ದೋಷ ಎಷ್ಟೆಂದು ಗೊತ್ತಿದ್ದರೆ ಕಳೆದು ಕೂಡಿ ಸರಿಯಾದ ಅಳತೆ ಪಡೆಯಬಹುದು. ಗೊತ್ತಿಲ್ಲದಿದ್ದರೆ ಮಾತ್ರ ಮೋಸ.

ಅಂದಿನ ತರಗತಿ ಹಬ್ಬದಂತಿತ್ತು. ಯಾರ ಕೂದಲು ಏಳು ಗೆರೆ, ಯಾರದು ಎಂಟು ಎಂದು ಮಕ್ಕಳು ಜಗಳವಾಡಿದರು. ಆ ಗದ್ದಲದಲ್ಲೇ ಒಬ್ಬನ ಕೈಯಿಂದ ಮೈಕ್ರೋಮೀಟರ್ ಸಿಮೆಂಟಿನ ನೆಲಕ್ಕೆ ಬಿತ್ತು. ಹುಡುಗ ಬೆವೆತುಹೋದ. ಅವನಿಗೆ ಸಮಾಧಾನ ಹೇಳಿ ಕಳುಹಿಸಿದೆ. ಎಲ್ಲರೂ ಹೋದಮೇಲೆ ಮುಚ್ಚಿ ನೋಡಿದೆ. ಸೊನ್ನೆ ಮುಟ್ಟುವ ಮೊದಲೇ, ನಾಲ್ಕನೆಯ ಗೆರೆಯಲ್ಲಿ ನಿಂತುಬಿಟ್ಟಿತು. 0.04 ಮಿ.ಮೀ., ಒಂದು ಕೂದಲಿನಷ್ಟೂ ದಪ್ಪವಿಲ್ಲ.

ಹೇಳಬೇಕು ಎಂದುಕೊಂಡೆ. ನಿಜವಾಗಿಯೂ ಎಂದುಕೊಂಡೆ. ಆದರೆ ಅವನು ಕೊಡುವಾಗ ತಡವರಿಸಿದ್ದು ಕಣ್ಣಿಗೆ ಕಟ್ಟಿತ್ತು. ಎದುರು ನಿಂತು ಹೇಳಲು ನಾಚಿಕೆಯಾಗಿ, ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿ ನಮ್ಮ ಶಾಲೆಯಲ್ಲೇ ಓದುತ್ತಿದ್ದ ಅವನ ತಮ್ಮನ ಕೈಯಲ್ಲಿ ಕಳುಹಿಸಿಬಿಟ್ಟೆ. ಜತೆಗೆ ಒಂದು ಚೀಟಿ ಬರೆಯಬಹುದಿತ್ತು. ಬರೆಯಲಿಲ್ಲ. ಅವನು ದಿನಾ ಬೆಳಿಗ್ಗೆ ಸೊನ್ನೆ ನೋಡಿಯೇ ಕೆಲಸ ಶುರುಮಾಡುವವನು, ಅವನಿಗೇ ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಹದಿನೈದು ದಿನ ಕಳೆದಿತ್ತು. ಒಂದು ಸಂಜೆ ಅಂಗಡಿಗೆ ಹೋದಾಗ ಗೆಳೆಯ ಮಂಕಾಗಿ ಕೂತಿದ್ದ. ಹಳ್ಳಿಯ ರೈತನೊಬ್ಬ ಬಾವಿಯ ಪಂಪಿನ ಹಳೆಯ ಶಾಫ್ಟ್ ತಂದು, ಅದರಂತೆ ಹೊಸದು ಮಾಡಿಸಿಕೊಂಡು ಹೋಗಿದ್ದನಂತೆ. ಬೇರಿಂಗ್ 6204, ಒಳವ್ಯಾಸ 20 ಮಿ.ಮೀ. ಬೇರಿಂಗನ್ನು ಆತ ತಂದಿರಲಿಲ್ಲ, ಆದ್ದರಿಂದ ಹಾಕಿ ನೋಡುವಂತಿರಲಿಲ್ಲ. ಗೆಳೆಯ ಮೈಕ್ರೋಮೀಟರ್ ನಂಬಿ ಸರಿಯಾಗಿ 20.00ಕ್ಕೆ ನಿಲ್ಲಿಸಿದ್ದ. ನಿಜವಾದ ಅಳತೆ 19.96. ಇಂಥ ಶಾಫ್ಟಿನ ಮೇಲೆ ಬೇರಿಂಗ್ ಬಿಗಿಯಾಗಿ, ತಟ್ಟಿ ಕೂರಿಸುವಂತಿರಬೇಕು. ಹಳ್ಳಿಯ ಫಿಟ್ಟರ್ ಮಾತ್ರ ಸಲೀಸಾಗಿ ಕೂತಿತೆಂದು ಸಂತೋಷಪಟ್ಟನಂತೆ! ಸಡಿಲವಾದ ಬೇರಿಂಗಿನ ಒಳಬಳೆ ಶಾಫ್ಟಿನ ಮೇಲೆಯೇ ಜಾರಿ ಸುತ್ತತೊಡಗಿತು. ಉಜ್ಜಿ, ಕಾದು, ಒಂಬತ್ತನೆಯ ದಿನಕ್ಕೆ ಪಂಪು ನಿಂತಿತು. ಮಾರ್ಚ್ ತಿಂಗಳ ಬಿಸಿಲು. ಹೂ ಕಚ್ಚಿದ್ದ ಟೊಮೆಟೊ ಸಾಲುಗಳಿಗೆ ಐದಾರು ದಿನ ನೀರಿಲ್ಲ. ಗೆಳೆಯ ತನ್ನ ಖರ್ಚಿನಲ್ಲೇ ಇನ್ನೊಂದು ಶಾಫ್ಟ್ ಮಾಡಿ, ಹೊಸ ಬೇರಿಂಗ್ ಕೊಡಿಸಿ, ಕೈಮುಗಿದು ಬಂದಿದ್ದ.

'ಮೈಕ್ರೋಮೀಟರಿನಲ್ಲಿ ನಾಲ್ಕು ಗೆರೆ ದೋಷ ಬಂದಿದೆ. ನಮ್ಮ ಹುಡುಗ ಬೀಳಿಸಿದ್ದಾನೆ, ಕೇಳಿದರೆ ಇಲ್ಲ ಅನ್ನುತ್ತಾನೆ' ಎಂದ. ಹುಡುಗ ಎಂದರೆ ಕೆಲಸ ಕಲಿಯಲು ಸೇರಿದ್ದವನು, ಎಸ್ಸೆಸ್ಸೆಲ್ಸಿ ಫೇಲಾದ ನನ್ನದೇ ಹಳೆಯ ಶಿಷ್ಯ. ನಾನು ತಗ್ಗಿದ ದನಿಯಲ್ಲಿ, 'ಆ ದಿನ ನೀನು ಸೊನ್ನೆ ನೋಡಲಿಲ್ಲವೇ?' ಎಂದೆ. 'ಹಿಂದಿನ ದಿನ ತಾನೇ ನಿನ್ನಿಂದ ಬಂದಿತ್ತು. ಸರಿಯಿಲ್ಲದಿದ್ದರೆ ನೀನು ಹೇಳುತ್ತಿರಲಿಲ್ಲವೇ?' ಎಂದ.

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಟೀ ತರಿಸಿದ. ಕುಡಿದೆ. ಆ ಸಂಜೆಯೂ ನಾನು ಬಾಯಿ ಬಿಡಲಿಲ್ಲ.

ಮೂರು ದಿನಗಳ ಮೇಲೆ ಆ ಹುಡುಗನೇ ಶಾಲೆಯ ಗೇಟಿನ ಬಳಿ ಕಾಯುತ್ತಿದ್ದ. 'ಸಾರ್, ಅಣ್ಣ ನನ್ನನ್ನು ಮೆಷಿನ್ ಹತ್ತಿರ ಬಿಡುತ್ತಿಲ್ಲ, ಬರೀ ಕಸ ಗುಡಿಸಲು ಇಟ್ಟಿದ್ದಾರೆ. ನಾನು ಬೀಳಿಸಿಲ್ಲ ಸಾರ್. ನೀವು ಹೇಳಿದರೆ ನಂಬುತ್ತಾರೆ' ಎಂದ. ಪರೀಕ್ಷೆಯಲ್ಲಿ ಅವನನ್ನು ಪಾಸು ಮಾಡಿಸಲಾರದ ಮೇಷ್ಟ್ರ ಹತ್ತಿರ, ತನ್ನ ಪರವಾಗಿ ಸಾಕ್ಷಿ ಹೇಳಲು ಕೇಳಿಕೊಂಡು ಬಂದಿದ್ದ! ಅವನ ಜತೆಯಲ್ಲೇ ನಡೆದು ಅಂಗಡಿಗೆ ಹೋದೆ. ದಾರಿಯಲ್ಲಿ ಅವನನ್ನು ಮಾತನಾಡಿಸುವ ಧೈರ್ಯವೂ ಬರಲಿಲ್ಲ. ಗೆಳೆಯನನ್ನು ಮಾತ್ರ ಒಳಗೆ ಕರೆದು ಎಲ್ಲ ಹೇಳಿದೆ. ಆಗಿರುವ ಖರ್ಚು ತುಂಬಿಕೊಡುತ್ತೇನೆ ಎಂದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ದುಡ್ಡಿನ ಲೆಕ್ಕ ನಮ್ಮಿಬ್ಬರ ನಡುವೆ ಇರಲಿ. ನನಗೆ ಹೇಳಿದ್ದನ್ನು ಆ ಹುಡುಗನ ಎದುರಿಗೂ ಹೇಳು' ಎಂದ. ಹೇಳಿದೆ. ಸಾವಿರಾರು ಪಾಠ ಮಾಡಿದ್ದೇನೆ, ಅಷ್ಟು ಚಿಕ್ಕ ಪಾಠಕ್ಕೆ ಅಷ್ಟು ಗಂಟಲು ಒಣಗಿದ್ದು ಇನ್ನೊಮ್ಮೆ ಇಲ್ಲ. ಹುಡುಗ ನೆಲ ನೋಡುತ್ತ ನಿಂತಿದ್ದ. ಗೆಳೆಯ ಡ್ರಾಯರಿನ ಬೀಗ ತೆಗೆದು, ಮೈಕ್ರೋಮೀಟರಿನ ಪೆಟ್ಟಿಗೆಯನ್ನೇ ಅವನ ಕೈಗಿತ್ತ. 'ಸೊನ್ನೆಗೆ ತಾ' ಎಂದ. ಹುಡುಗ ಬಿಳಿ ಹಾಳೆಯ ಚೂರೊಂದನ್ನು ಎರಡು ಮುಖಗಳ ನಡುವೆ ಮೆಲ್ಲಗೆ ಹಿಡಿಸಿ ಎಳೆದು ಧೂಳು ತೆಗೆದ. ಪೆಟ್ಟು ಬಿದ್ದಲ್ಲಿ ಎದ್ದಿದ್ದ ಅಂಚನ್ನು ಗೆಳೆಯ ತಾನೇ ಎಣ್ಣೆಕಲ್ಲಿನಿಂದ ನವಿರಾಗಿ ತೀಡಿದ. ಉಳಿದದ್ದನ್ನು ಹುಡುಗ ಪುಟ್ಟ ಕೀಲಿಯಿಂದ ತಿರುಗಿಸಿ ಸರಿಮಾಡಿದ. ಮರುದಿನದಿಂದ ಅವನು ಲೇತಿನ ಮುಂದಿದ್ದ.

ಭಾನುವಾರ ನಾವಿಬ್ಬರೂ ಸೈಕಲ್ಲಿನಲ್ಲಿ ಆ ರೈತನ ಹೊಲಕ್ಕೆ ಹೋದೆವು. ಎರಡು ಸಾಲು ಗಿಡಗಳ ಹೂವೆಲ್ಲ ಉದುರಿದ್ದವು. ನಾಲ್ಕು ಗೆರೆಗಳ ಕತೆ ಕೇಳಿ, 'ಇಷ್ಟೇ ಇಷ್ಟಕ್ಕೆ ಗಿಡ ಒಣಗಿತೇ ಮೇಷ್ಟ್ರೇ?' ಎಂದು ಆತ ಬೆರಳುಗಳನ್ನು ಒತ್ತಿ ತೋರಿಸಿದ. ಹೌದು ಎಂದೆ. ಖರ್ಚಿನ ಹಣವನ್ನು ಗೆಳೆಯನಿಗೆ ಮೂರು ತಿಂಗಳ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿದೆ. ಅವನು ಬೇಡವೆನ್ನಲಿಲ್ಲ. ಅದಕ್ಕಾಗಿ ನಾನು ಅವನಿಗೆ ಕೃತಜ್ಞ. ಬೇಡವೆಂದಿದ್ದರೆ ನಮ್ಮ ಸ್ನೇಹದಲ್ಲಿ ಒಂದು ಬಾಕಿ ಉಳಿದೇ ಇರುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ವಕೀಲರೊಬ್ಬರು ಮಾತಿನ ನಡುವೆ ಹೇಳಿದರು: 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಇದಕ್ಕೂ ನಿಯಮವಿದೆ. ವಸ್ತುವನ್ನು ಕೊಡುವವನು ತನಗೆ ಗೊತ್ತಿರುವ ದೋಷವನ್ನು ತಿಳಿಸಿಯೇ ಕೊಡಬೇಕು ಎನ್ನುತ್ತದೆ 150ನೆಯ ಕಲಮು. ಪಡೆದವನು ಅದನ್ನು ತನ್ನ ಸ್ವಂತ ವಸ್ತುವಿನಂತೆ ಜೋಪಾನ ಮಾಡಬೇಕು ಎನ್ನುತ್ತದೆ 151ನೆಯದು. ನಮ್ಮ ತಂದೆ ಕಾಯಿದೆ ಓದಿದವರಲ್ಲ. ಆದರೂ ಪರರ ಗುದ್ದಲಿ ತಂದರೆ ಮಣ್ಣು ತೊಳೆದು, ಬಾಯಿ ಮೊಂಡಾಗಿದ್ದರೆ ಕುಲುಮೆಯಲ್ಲಿ ತಟ್ಟಿಸಿಯೇ ಹಿಂದಕ್ಕೆ ಕೊಡುತ್ತಿದ್ದರು. ಕಾವು ಬಿರುಕು ಬಿಟ್ಟಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದರು. ಬಿರುಕನ್ನು ಮುಚ್ಚಿಟ್ಟರೆ ಅದು ಇನ್ನೊಬ್ಬರ ಕಾಲಿಗೆ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ವಿದ್ಯಾರ್ಥಿಗಳೇ, ನೀವು ಗೆಳೆಯರಿಂದ ಕಂಪಾಸು, ಕ್ಯಾಲ್ಕುಲೇಟರು, ಸೈಕಲ್ಲು ಪಡೆಯುತ್ತೀರಿ, ಪಡೆಯಿರಿ. ಕೆಟ್ಟರೆ ಕೆಟ್ಟಿತೆಂದು ಕೈಯಿಂದ ಕೈಗೆ ಕೊಡುವಾಗಲೇ ಹೇಳಿಬಿಡಿ. ಪಾಲಕರಲ್ಲಿ ಒಂದು ಮಾತು. ಮಗು ಬಂದು ಹೀಗೆ ಹೇಳಿದಾಗ ಮೊದಲು ಬೈಗುಳ ಬೇಡ. ಅಂದು ನನ್ನ ಬಾಯಿ ಕಟ್ಟಿದ್ದು ಗೆಳೆಯನ ಮುಖ ಸಪ್ಪಗಾದೀತೆಂಬ ಅಂಜಿಕೆಯೇ ಹೊರತು, ದುಡ್ಡಿನ ಭಯವಲ್ಲ.

ಗೆಳೆಯ ಈಗಲೂ ಅದೇ ಊರಿನಲ್ಲಿದ್ದಾನೆ. ಆ ಹುಡುಗ ಬೇರೆ ಊರಿನಲ್ಲಿ ಸ್ವಂತ ಲೇತ್ ಹಾಕಿಕೊಂಡಿದ್ದಾನೆ. ಆ ಪ್ರಸಂಗದ ಮರುವರ್ಷ ಪಾಠಕ್ಕೆ ಮತ್ತೆ ಮೈಕ್ರೋಮೀಟರ್ ಬೇಕಾದಾಗ ಕೇಳಲು ಹಿಂಜರಿದೆ. ಅವನೇ ತಮ್ಮನ ಕೈಯಲ್ಲಿ ಹೇಳಿ ಕಳುಹಿಸಿದ. ಹೋದೆ. ಪೆಟ್ಟಿಗೆ ತೆಗೆದು, ಮುಚ್ಚಿ, ಬೆಳಕಿಗೆ ಹಿಡಿದು ಇಬ್ಬರೂ ಸೊನ್ನೆ ನೋಡಿದೆವು. ಎರಡು ದಿನ ಬಿಟ್ಟು ನಾನೇ ಹಿಂದಕ್ಕೆ ಒಯ್ದೆ. ಮತ್ತೆ ಇಬ್ಬರೂ ನೋಡಿದೆವು. ಸರಿಯಾಗಿತ್ತು. ಅವನು ಟೀ ತರಿಸಿದ.