ಬಲಗೈಗೊಂದು ಬಿಡುವು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತಾಗ ಬೆಳಗಿನ ಏಳು ಗಂಟೆ. ಬೆಂಗಳೂರಿನಿಂದ ಅಲ್ಲಿಗೆ ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಆಗಲೇ ಬಲಗೈಯ ಕಿರುಬೆರಳಿಗೆ ಜೋಮು ಹಿಡಿದಿತ್ತು. ಹೋಗಬೇಕಾದದ್ದು ನಿಪ್ಪಾಣಿಯ ಅಕ್ಕನ ಮನೆಗೆ, ಇನ್ನೂ ಐನೂರು ಚಿಲ್ಲರೆ ಕಿಲೋಮೀಟರ್.

ಬೈಕಿನ ಮೇಲೆ ಎಡಗೈಯದು ಸುಖಜೀವನ. ಗೇರ್ ಬದಲಿಸುವಾಗ ಕ್ಲಚ್ ಒತ್ತಿದರೆ ಮುಗಿಯಿತು. ಆಮೇಲೆ ತೊಡೆಯ ಮೇಲೆ ಕೂತುಕೊಳ್ಳಬಹುದು, ಮೂಗು ಕೆರೆಯಬಹುದು, ಎದುರು ಬರುವ ಬುಲೆಟ್ಟಿನವನಿಗೆ ನಮಸ್ಕಾರ ಮಾಡಬಹುದು. ಬಲಗೈ ಜೀತದಾಳು. ಆಕ್ಸಿಲರೇಟರಿನ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ, ಕೈ ಅದನ್ನು ತಡೆದು ಹಿಡಿಯುತ್ತಲೇ ಇರಬೇಕು. ನನ್ನ ಹಳೇ 350 ಸಿಸಿ ಬುಲೆಟ್ಟಿನ ನಡುಕ ಬೇರೆ.

ಹಾಗಾಗಿ ಹೊರಡುವ ಹಿಂದಿನ ದಿನ ಜೆ.ಸಿ. ರಸ್ತೆಗೆ ಹೋಗಿ ಮೂರು ಸಾಮಾನು ತಂದಿದ್ದೆ. ಒಂದು, ಹಿಡಿಕೆಯ ತುದಿಗೆ ಸಿಕ್ಕಿಸುವ ದಪ್ಪ ರಬ್ಬರ್ ಉಂಗುರ, 20 ರೂಪಾಯಿ. ಇನ್ನೊಂದು, ಹಿಡಿಕೆಗೆ ಕಚ್ಚಿಕೊಂಡು ಬ್ರೇಕ್ ಲಿವರ್ ಮೇಲೆ ಕಾಲೂರಿ ನಿಲ್ಲುವ ಪ್ಲಾಸ್ಟಿಕ್ ಕ್ಲಿಪ್, 350 ರೂಪಾಯಿ. ಮೂರನೆಯದು ಅಂಗೈಯ ಭಾರ ಹೊರುವ ಪಟ್ಟಿ, 180 ರೂಪಾಯಿ. ಜೊತೆಗೆ ಹೊರಟ ಗೆಳೆಯನ ಬೈಕಿನಲ್ಲಿ ಮಾತ್ರ ಆಕ್ಸಿಲರೇಟರನ್ನು ಹಿಡಿದು ನಿಲ್ಲಿಸುವ ಅಟ್ಲಾಸ್ ಎಂಬ ಉಕ್ಕಿನ ಲಾಕ್ ಇತ್ತು, ಅಮೆರಿಕದಲ್ಲಿರುವ ಅವನ ಅಣ್ಣ ತಂದುಕೊಟ್ಟದ್ದು. ಇಲ್ಲಿಯ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಮೇಲೆ. ಅದನ್ನು ನೋಡಿದಾಗಲೆಲ್ಲ ನನ್ನ ಟೈರುಗಳ ಬೆಲೆ ನೆನಪಾಗುತ್ತಿತ್ತು.

ಶಿರಾ ದಾಟಿ ಹಿರಿಯೂರಿನ ಕಡೆಗೆ ರಸ್ತೆ ನೇರವಾಯಿತು. ಹೆಸರು ಎನ್‌ಎಚ್ 48 ಆದರೂ ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ 4. ಎಪ್ಪತ್ತರ ವೇಗಕ್ಕೆ ತಂದು ಉಂಗುರ ಒತ್ತಿದೆ, ಹಿಡಿಕೆ ನಿಂತಿತು. ಕೈ ಬಿಟ್ಟೆ. ಆಹಾ! ಬೆರಳಿಗೆ ರಕ್ತ ಇಳಿದದ್ದು ಗೊತ್ತಾಯಿತು. ಆದರೆ ಏರು ಬಂದಾಗ ವೇಗ ಅರವತ್ತಕ್ಕೆ ಇಳಿಯಿತು, ಇಳಿಜಾರಿನಲ್ಲಿ ಎಂಬತ್ತಕ್ಕೆ ಏರಿತು. ಹಿಡಿಕೆ ಎಷ್ಟು ತಿರುಗಿದೆಯೋ ಅಷ್ಟಕ್ಕೇ ಅದನ್ನು ನಿಲ್ಲಿಸುವುದಷ್ಟೇ ಲಾಕಿನ ಕೆಲಸ. ವೇಗ ಕಾಯುವ ಕ್ರೂಸ್ ಕಂಟ್ರೋಲ್ ಬೇರೆಯೇ ಸಂಗತಿ. ಅದಕ್ಕೆ ಸಾಮಾನ್ಯವಾಗಿ ಕೇಬಲ್ ಬದಲು ಎಲೆಕ್ಟ್ರಾನಿಕ್ ಥ್ರಾಟಲ್ ಬೇಕು, 2023ರಲ್ಲಿ ಬಂದ ಟಿವಿಎಸ್ ಆರ್‌ಟಿಆರ್ 310ರಲ್ಲಿ ಇರುವಂಥದ್ದು.

ಹಿರಿಯೂರು ಇನ್ನೂ ಐದಾರು ಕಿಲೋಮೀಟರ್ ಇರುವಾಗ ಹುಲ್ಲಿನ ಹೊರೆ ಹೊತ್ತ ಮೊಪೆಡ್ಡೊಂದು ರಾಂಗ್ ಸೈಡಿನಲ್ಲಿ ಎದುರಾಯಿತು. ಕ್ಲಚ್ಚು, ಬ್ರೇಕು ಎರಡೂ ಒತ್ತಿದೆ. ಬೈಕು ನಿಂತಿತು, ಇಂಜಿನ್ ಮಾತ್ರ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಆಕ್ಸಿಲರೇಟರ್ ತೆರೆದೇ ಇತ್ತು! ಮೊಪೆಡ್ಡಿನ ಯಜಮಾನರು ನನ್ನನ್ನು ಕನಿಕರದಿಂದ ನೋಡಿ, "ಏನ್ ಸ್ವಾಮಿ, ರೇಸು ಸಿಕ್ಕಾಕ್ಕಂತಾ?" ಎಂದು ಕೇಳಿ ಮುಂದೆ ಹೋದರು. ಉಂಗುರ ಟೂಲ್ ಬ್ಯಾಗು ಸೇರಿತು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಕ್ಲಿಪ್ಪಿನ ಸರದಿ. ಹತ್ತು ನಿಮಿಷವೂ ಆಗಿರಲಿಲ್ಲ, ಗೆಳೆಯ ಪಕ್ಕಕ್ಕೆ ಬಂದು ಕೂಗಿದ: "ಯಾಕೋ ಬ್ರೇಕ್ ಹಿಡ್ಕೊಂಡೇ ಓಡಿಸ್ತಿದೀಯ?" ಕ್ಲಿಪ್ಪಿನ ಕಾಲು ನನ್ನ ಸಡಿಲ ಲಿವರನ್ನು ಒಂದಿಷ್ಟು ಒತ್ತಿ, ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು. ದಾವಣಗೆರೆಯ ಬೆಣ್ಣೆ ದೋಸೆಯ ಟೇಬಲ್ಲಿನಲ್ಲಿ ಅದನ್ನೂ ಬಿಚ್ಚಿಟ್ಟೆ. ದೋಸೆ ಎರಡು ತಿಂದೆ, ಅದರ ಬಗ್ಗೆ ಯಾವ ದೂರೂ ಇಲ್ಲ.

ಉಳಿದದ್ದು ಅಂಗೈ ಪಟ್ಟಿ. ಇದು ಲಾಕ್ ಅಲ್ಲವೇ ಅಲ್ಲ. ಹಿಡಿಕೆಗೆ ಸುತ್ತಿಕೊಂಡು ಒಂದು ನಾಲಗೆ ಚಾಚಿರುತ್ತದೆ, ಅದರ ಮೇಲೆ ಅಂಗೈಯ ಬುಡ ಊರಿದರೆ ಆಕ್ಸಿಲರೇಟರ್ ನಿಲ್ಲುತ್ತದೆ, ಬೆರಳು ಬಿಗಿಹಿಡಿಯಬೇಕಿಲ್ಲ. ಕೈ ಎತ್ತಿದ ಕ್ಷಣ ಸ್ಪ್ರಿಂಗು ತನ್ನ ಕೆಲಸ ಮಾಡುತ್ತದೆ. ತುಂಗಭದ್ರೆ ದಾಟಿ ರಾಣೆಬೆನ್ನೂರಿನವರೆಗೂ ಕಿರುಬೆರಳು ಸುಮ್ಮನಿತ್ತು. ಹಾವೇರಿಯ ಹತ್ತಿರ ಚಹಾ ಅಂಗಡಿಯ ಮುಂದೆ ಇಂಜಿನ್ ಆರಿಸದೆ ಬೈಕು ಹೊರಳಿಸುವಾಗ ಜಾಕೆಟ್ಟಿನ ತೋಳು ಪಟ್ಟಿಗೆ ತಗುಲಿ, ಗಾಡಿ ಚಂಗನೆ ಹಾರಿ ಬೆಂಚಿನ ಕಾಲಿಗೆ ಮುತ್ತಿಟ್ಟಿತು. ಬೆಂಚಿನಲ್ಲಿ ಯಾರೂ ಇರಲಿಲ್ಲ, ಪುಣ್ಯ. ಅಂದಿನಿಂದ ಊರೊಳಗೆ ಹೊಕ್ಕಾಗ ಪಟ್ಟಿಯನ್ನು ಅಂಗೈಗೆ ತಾಗದಂತೆ ತಿರುಗಿಸಿಡುತ್ತೇನೆ.

ಕಿತ್ತೂರು ದಾಟಿದ ಮೇಲೆ ಗೆಳೆಯ ತನ್ನ ಗಾಡಿ ಕೊಟ್ಟ. ಅಟ್ಲಾಸಿನ ಒಂದು ಗುಂಡಿ ಒತ್ತಿದರೆ ಹಿಡಿಯುತ್ತದೆ, ಇನ್ನೊಂದು ಒತ್ತಿದರೆ ಬಿಡುತ್ತದೆ. ಹಿಡಿದಿರುವಾಗಲೂ ಕೈಯಿಂದ ತಿರುಗಿಸಬಹುದು. ಚೆಂದದ ಸಾಮಾನು, ಸುಳ್ಳು ಹೇಳಬಾರದು. ಆದರೆ ಬೆಳಗಾವಿಯ ಆಚೆ ಕತ್ತಲಾಯಿತು, ಡಿಸೆಂಬರ್ ಬೇರೆ. ಕಬ್ಬು ತುಂಬಿದ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ದೀಪವಿಲ್ಲದೆ, ಮುಂದೆ ಊರಿಗೆಲ್ಲ ಕೇಳುವಷ್ಟು ಹಾಡು ಹಾಕಿಕೊಂಡು ಸಾಗುತ್ತಿದ್ದವು. ಗೆಳೆಯನೂ ಲಾಕ್ ಮುಟ್ಟಲಿಲ್ಲ. ವಂಟಮುರಿ ಘಾಟಿನಲ್ಲಂತೂ ಪ್ರಶ್ನೆಯೇ ಇಲ್ಲ. ಅಡ್ಡ ಬರುವವರಿಲ್ಲದ ರಸ್ತೆ ಎಂದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ, ಅಲ್ಲಿ 2023ರ ಆಗಸ್ಟ್ 1ರಿಂದ ನಮಗೆ ಪ್ರವೇಶವೇ ಇಲ್ಲ!

ಕೊಳ್ಳುವವರು ಅಂಗಡಿಯ ಮುಂದೆಯೇ ಜೋಡಿಸಿ ನೋಡಿ. ಇಂಜಿನ್ ಆರಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗ್ಲೌಸ್ ಹಾಕಿದ ಕೈಯಲ್ಲೇ ಬಿಡಿಸಿ. ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಂಗಡಿಯವನು ಹೇಳುತ್ತಾನೆ, ಎಷ್ಟು ಬೇಗ ಬಿಡುತ್ತದೆ ಎಂದು ನೀವು ಕೇಳಿ. ನಮ್ಮ ರಸ್ತೆಗೆ, ನನ್ನಂಥವನ ಜೇಬಿಗೆ 180 ರೂಪಾಯಿಯ ಪಟ್ಟಿ ಸಾಕು.

ನಿಪ್ಪಾಣಿ ಮುಟ್ಟಿದಾಗ ರಾತ್ರಿ ಎಂಟೂವರೆ. ಆ ರಬ್ಬರ್ ಉಂಗುರ ಈಗ ಅಕ್ಕನ ಮನೆಯ ಹಿತ್ತಲ ನಲ್ಲಿಯಲ್ಲಿದೆ, ನೀರು ಸೋರುವುದು ನಿಂತಿದೆಯಂತೆ.