ವೈರಿಲ್ಲದ ಸ್ಪೀಕರು

ಅಕ್ಕನ ಮಗ ರಜೆ ಮುಗಿಸಿ ಹೊರಟ ರಾತ್ರಿ ಹೆಡ್‌ಫೋನ್ ಏರಿಸಿಕೊಂಡು ಸಿನಿಮಾ ಹಾಕಿದೆ. ಪರದೆಯಲ್ಲಿ ಬಟ್ಟಬಯಲಿನ ನಡುವೆ ನಿಂತ ನಾಯಕ ಪಾಳುಬಾವಿಯೊಳಗಿಂದ ಮಾತಾಡುತ್ತಿದ್ದ. ಮಳೆ ಬಂತು, ಅದೂ ಬಾವಿಯೊಳಗೇ. ಹುಡುಗ ಏನೇನು ಒತ್ತಿ ಹೋಗಿದ್ದಾನೆಂದು ಹುಡುಕಿದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಸೋನಿಕ್ ಆನ್. ಸಿನಿಮಾ ಪ್ಲೇಯರಿನಲ್ಲಿ ವರ್ಚುವಲ್ ಸರೌಂಡ್ ಆನ್. ನನ್ನ ಸರೌಂಡ್ ಪೆಟ್ಟಿಗೆ ಹೇಗೂ ಮೊದಲಿನಿಂದ ಆನ್. ಫೋನ್ ಮಾಡಿ ಬೈದರೆ ಅವನಿಗೆ ನಗು. ‘ಮಾವ, ಒಂದಿದ್ರ ಒಂದ್ ಸರೌಂಡು, ಮೂರಿದ್ರ ಮೂರ್ ಸರೌಂಡು ಕನ’ ಎಂದ.

ಈ ಮೂರರ ಲೆಕ್ಕವೇ ನನ್ನ ಹಳೆಯ ಜಗಳ. ಹೆಡ್‌ಫೋನಿನ ಸರೌಂಡ್ ಪೆಟ್ಟಿಗೆ ಹೇಳುವುದು ಒಂದು ಸುಳ್ಳು, ಚೆಂದದ ಸುಳ್ಳು. ಸಿನಿಮಾದ ಐದೂ ಚಾನೆಲ್ಲುಗಳನ್ನು ಒಂದೊಂದಾಗಿ ತೆಗೆದುಕೊಂಡು, ಇದು ನಟ್ಟನಡುವಿನ ಸ್ಪೀಕರು, ಇವೆರಡು 30 ಡಿಗ್ರಿ ಎಡಬಲದವು, ಇವೆರಡು 110 ಡಿಗ್ರಿಯಲ್ಲಿ ಕಿವಿಯ ಹಿಂದಿನವು ಎಂದು ಕಲ್ಪಿಸಿಕೊಳ್ಳುತ್ತದೆ. ಎಡದ ಸ್ಪೀಕರಿನ ಸದ್ದು ಎಡಗಿವಿಗೆ ಮೊದಲು ಬಂದು, ಬಲಗಿವಿಗೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ತಡವಾಗಿ, ತಲೆಯ ನೆರಳಲ್ಲಿ ತುಸು ಮಂಕಾಗಿ ಬರಬೇಕಲ್ಲ, ಆ ತಡವನ್ನೂ ಮಂಕನ್ನೂ ಅದೇ ಬೆರೆಸುತ್ತದೆ. ಹೊರಕಿವಿಯ ಮಡಿಕೆಗಳಿಗೆ ಬಡಿದು ಸದ್ದಿನ ಬಣ್ಣ ಬದಲಾಗುವುದನ್ನೂ ಲೆಕ್ಕ ಹಾಕಿ ಸೇರಿಸುತ್ತದೆ. ಹೀಗೆ ಬೆಂದು ಬಂದ ಎರಡು ಚಾನೆಲ್ಲುಗಳನ್ನು ಇನ್ನೊಂದು ಪೆಟ್ಟಿಗೆಗೆ ಕೊಟ್ಟರೆ ಅದಕ್ಕೇನು ಗೊತ್ತು? ಯಾವುದೋ ಹಾಡಿನ ಎಡಬಲ ಎಂದುಕೊಂಡು ಅವನ್ನೇ ಮುಂದಿನ ಎರಡು ಸ್ಪೀಕರುಗಳಲ್ಲಿಟ್ಟು ಮತ್ತೆ ಕಿವಿ ದಾಟಿಸುತ್ತದೆ. ಒಬ್ಬನ ಕಿವಿಯೊಳಗೆ ಇನ್ನೊಬ್ಬನ ಕಿವಿ, ಅದರೊಳಗೆ ಮತ್ತೊಬ್ಬನ ಕಿವಿ. ಕೊನೆಗೆ ಕೂತು ಕೇಳುವ ನನ್ನ ಪಾಲಿಗೆ ಪಾಳುಬಾವಿ.

ಆಟದವರಲ್ಲಿ ಈ ರೋಗ ಇನ್ನೂ ಜಾಸ್ತಿ. ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ನಂಥ ಆಟಗಳು ಈ ಕಿವಿಯ ಲೆಕ್ಕವನ್ನು ತಾವೇ ಹಾಕಬಲ್ಲವು. ಎಚ್‌ಆರ್‌ಟಿಎಫ್ ಎಂದು ಅದಕ್ಕೆ ಹೆಸರು. ಆಟಕ್ಕೆ ಶತ್ರು ಎಲ್ಲಿದ್ದಾನೆಂಬುದು ಅಂಗುಲ ಲೆಕ್ಕದಲ್ಲಿ ಗೊತ್ತಿರುವುದರಿಂದ ಅದು ಹಾಕುವ ಲೆಕ್ಕವೇ ವಾಸಿ. ಆಗ ಪೆಟ್ಟಿಗೆ ಬಾಯಿ ಮುಚ್ಚಿಕೊಂಡು ಸ್ಟೀರಿಯೊದಲ್ಲಿರಬೇಕು. ಆದರೆ ಗುಂಡಿ ಇದ್ದಮೇಲೆ ಒತ್ತದೆ ಬಿಡುವುದು ಹೇಗೆ? ಒತ್ತುತ್ತಾರೆ. ಒತ್ತಿ, ಹೆಜ್ಜೆಸಪ್ಪಳ ಎಲ್ಲಿಂದಲೋ ಬರುತ್ತಿದೆ, ಹೆಡ್‌ಫೋನ್ ಸರಿಯಿಲ್ಲ ಎನ್ನುತ್ತಾರೆ. ಚಾಮರಾಜನಗರದ ಅಂಗಡಿಯೊಂದರಲ್ಲಿ ‘7.1’ ಎಂದು ಚೀಟಿ ಅಂಟಿಸಿದ್ದ ಹೆಡ್‌ಸೆಟ್ ಎತ್ತಿಕೊಂಡು, ಒಳಗೆ ಎಷ್ಟು ಸ್ಪೀಕರಿದಾವೆ ಅಂತ ಕೇಳಿದೆ. ‘ಎಂಟಿದಾವ ಸಾರ್’ ಎಂದ ಹುಡುಗ. ಇದ್ದದ್ದು ಕಿವಿಗೊಂದರಂತೆ ಎರಡು. ಎರಡೇ ಸಾಕು, ನಮಗಿರುವುದೂ ಎರಡೇ ಕಿವಿ. ಸಾಕಾದದ್ದನ್ನು ಸಾಕು ಎಂದು ಹೇಳಿ ಮಾರುವುದಕ್ಕೆ ಏನು ಕಷ್ಟ? ಎಂಟು ಅಂತ ಸುಳ್ಳು ಹೇಳಿ ಹಣ ಕೀಳುವುದೇಕೆ?

ಇರಲಿ. ನಿಜವಾದ ಐದು ಸ್ಪೀಕರು ಇಡುವ ಯೋಗ ನಮ್ಮ ಮನೆಗಿಲ್ಲ. ಗುಂಡ್ಲುಪೇಟೆಯ ಹಳೆ ಹಂಚಿನ ಮನೆ. ಪಕ್ಕದವರ ಗೋಡೆಯೇ ನಮ್ಮ ಗೋಡೆ. ಅಮ್ಮ ಊಟ ಮುಗಿಸಿ ಒಂಬತ್ತಕ್ಕೆಲ್ಲ ಮಲಗುತ್ತಾರೆ. ಒಂಬತ್ತು ಅಂದರೆ ಈ ಊರಲ್ಲಿ ಇನ್ನೊಂದು ಅರ್ಥವೂ ಇದೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬಂಡೀಪುರದ ಹುಲಿಕಾಡಿನಲ್ಲಿ ವಾಹನ ಸಂಚಾರ ನಿಷೇಧ. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್ ಬಿಟ್ಟರೆ ಏನೂ ಹೋಗುವ ಹಾಗಿಲ್ಲ. ಗೇಟು ಬೀಳುವ ಮೊದಲು ದಾಟಬೇಕೆಂದು ವಯನಾಡಿನ ಕಡೆಯ ಲಾರಿ, ಊಟಿಯ ಕಡೆಯ ಕಾರು ಎಲ್ಲ ಹಾರ್ನ್ ಹೊಡೆದುಕೊಂಡು ಓಡುತ್ತವೆ. ಆಮೇಲೆ ಮದ್ದೂರು ಚೆಕ್‌ಪೋಸ್ಟಿನ ಕಡೆ ಲಾರಿಗಳು ಸಾಲಾಗಿ ನಿಲ್ಲುತ್ತವೆ, ಊರಿನ ಸದ್ದು ಅಡಗುತ್ತದೆ. ಬೆಂಗಳೂರಿನ ಗೆಳೆಯರು ಸಾವಿರಾರು ರೂಪಾಯಿ ಸುರಿದು ಶಬ್ದ ತಡೆಯುವ ಹೆಡ್‌ಫೋನ್ ಕೊಳ್ಳುವಾಗ, ನಾನು ಹಿಂಬದಿ ತೆರೆದ ಜಾಲರಿಯ ಹೆಡ್‌ಫೋನ್ ಹಾಕಿಕೊಂಡು ಕೂರುವುದು ಹುಲಿಯ ಉಪಕಾರದಿಂದ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಸದ್ದು ತಲೆಯೊಳಗೇ ಉಳಿದುಬಿಡುತ್ತದೆ. ಹಿಂಬದಿ ತೆರೆದದ್ದಾದರೆ ಹೊರಗೆ ನಿಲ್ಲಲು ಒಪ್ಪುತ್ತದೆ.

ಹೊರಗೆ ನಿಲ್ಲಿಸುವುದೇ ಈ ಕಲೆಯ ಕಷ್ಟ. ಪಕ್ಕಕ್ಕೆ ತಳ್ಳುವುದು ಸುಲಭ, ಹಿಂದಕ್ಕೂ ಸುಲಭ. ಎದುರಿಗೆ, ಪರದೆಯ ಮೇಲೆ, ಮಾತಾಡುವವನ ಬಾಯಲ್ಲಿ ಮಾತು ನಿಲ್ಲಬೇಕಲ್ಲ, ಅದು ಕಷ್ಟ. ನಟ್ಟನಡುವಿನ ಸದ್ದು ಎರಡೂ ಕಿವಿಗೆ ಒಂದೇ ಹೊತ್ತಿಗೆ ಒಂದೇ ಬಲದಲ್ಲಿ ಬರುತ್ತದೆ. ಎದುರಿನಿಂದ ಬಂತೋ, ಬೆನ್ನಿನಿಂದ ಬಂತೋ, ನೆತ್ತಿಯ ಮೇಲಿಂದಲೋ ಎಂದು ತಿಳಿಯಲು ಹೊರಕಿವಿಯ ಮಡಿಕೆಗಳ ಸಾಕ್ಷಿ ಬಿಟ್ಟರೆ ಬೇರೆ ಆಧಾರವಿಲ್ಲ. ಕೆಳಸ್ವರಕ್ಕೆ ಹೊತ್ತಿನ ವ್ಯತ್ಯಾಸ, ಮೇಲುಸ್ವರಕ್ಕೆ ಬಲದ ವ್ಯತ್ಯಾಸ ಎಂದು 1907ರಲ್ಲೇ ಲಾರ್ಡ್ ರೇಲಿ ವಿವರಿಸಿದ್ದ. ಅವೆರಡೂ ಸೊನ್ನೆಯಾದಾಗ ಏನು ಗತಿ? ಬಯಲಲ್ಲಾದರೆ ನಾವು ತಲೆ ಒಂದಿಷ್ಟು ಹೊರಳಿಸುತ್ತೇವೆ, ಗುಟ್ಟು ರಟ್ಟಾಗುತ್ತದೆ. ಹೆಡ್‌ಫೋನಿನಲ್ಲಿ ತಲೆ ಹೊರಳಿಸಿದರೆ ಇಡೀ ಸಿನಿಮಾ ಮಂದಿರವೇ ಜೊತೆಗೆ ಹೊರಳುತ್ತದೆ. ಆಟದ ಹುಡುಗರು ಇಲ್ಲೊಂದು ವಿಷಯದಲ್ಲಿ ಪುಣ್ಯವಂತರು. ಅವರು ಮೌಸ್ ತಿರುಗಿಸಿದರೆ ಆಟದೊಳಗಿನ ತಲೆ ತಿರುಗುತ್ತದೆ, ಸದ್ದು ಜಾಗ ಬದಲಿಸುತ್ತದೆ, ಶತ್ರು ಹಿಂದೋ ಮುಂದೋ ತಿಳಿದುಹೋಗುತ್ತದೆ. ಸಿನಿಮಾ ನೋಡುವವನ ಕೈಯಲ್ಲಿ ಮೌಸ್ ಇಲ್ಲ, ಇರುವುದು ಕಡಲೆಕಾಯಿ.

ಅದಕ್ಕೇ ನನ್ನದೊಂದು ಉಪಾಯ. ಮನೆಗೆ ಬಂದವರೆಲ್ಲ ನಗುವ ಉಪಾಯ. ಟಿವಿಯ ಎಡಕ್ಕೊಂದು ಬಲಕ್ಕೊಂದು ದೊಡ್ಡ ಸ್ಪೀಕರು ಇಟ್ಟಿದ್ದೇನೆ. ಎರಡಕ್ಕೂ ವೈರಿಲ್ಲ. ಒಂದರ ಒಳಗೆ ಕೋನೇ ಇಲ್ಲ, ಮುಂದಿನ ಬಟ್ಟೆ ಮಾತ್ರ ನೆಟ್ಟಗಿದೆ. ಟಿವಿಯ ಕೆಳಗೆ ನಡುವಿಗೆ ಉದ್ದನೆಯದೊಂದು ಖಾಲಿ ಡಬ್ಬ, ಅದಕ್ಕೂ ಕಪ್ಪು ಬಟ್ಟೆ. ನಾನು ಕೂರುವ ಕುರ್ಚಿಯಿಂದ ಎಡಬಲದವೆರಡೂ ಸರಿಯಾಗಿ 30 ಡಿಗ್ರಿ. ಅಳೆದು ಇಟ್ಟದ್ದು, ನೆಲ ಗುಡಿಸುವಾಗ ಅಲ್ಲಾಡಿಸಿದರೆ ನನಗೆ ಸಿಟ್ಟು ಬರುತ್ತದೆ. ಕಣ್ಣಿಗೆ ಸ್ಪೀಕರು ಕಂಡರೆ ಮೆದುಳು ಸದ್ದನ್ನು ತಾನೇ ಹೊತ್ತುಕೊಂಡು ಹೋಗಿ ಅಲ್ಲಿ ಇಳಿಸುತ್ತದೆ. ದೀಪ ಆರಿಸಿ, ಸ್ಪೀಕರು ಕಾಣದಂತೆ ಮಾಡಿ, ಅದೇ ದೃಶ್ಯ ಕೇಳಿನೋಡಿ: ಸದ್ದು ಮೆಲ್ಲಗೆ ಹಿಂದೆ ಸರಿದು ಹಣೆಗೆ ಬಂದು ಅಂಟಿಕೊಳ್ಳುತ್ತದೆ. ಇದು ನನ್ನ ಹುಚ್ಚಲ್ಲ. ಜರ್ಮನಿಯ ಇಲ್ಮೆನೌ ವಿಶ್ವವಿದ್ಯಾಲಯದವರು ಹೆಡ್‌ಫೋನಿನೊಳಗಿನ ಕೋಣೆಗೂ ಕೇಳುವವನು ಕೂತಿರುವ ಕೋಣೆಗೂ ತಾಳೆಯಾಗದಿದ್ದರೆ ಸದ್ದು ತಲೆಯೊಳಗೆ ಸೇರಿಕೊಳ್ಳುತ್ತದೆಂದು ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಪೆಟ್ಟಿಗೆಯಲ್ಲಿ ‘ಥಿಯೇಟರ್’, ‘ಹಾಲ್’ ಎಂದೆಲ್ಲ ಬರೆದಿರುವ ಗುಂಡಿಗಳನ್ನು ನಾನು ಮುಟ್ಟುವುದಿಲ್ಲ. ಹತ್ತಡಿ ಕೋಣೆಯಲ್ಲಿ ಕೂತವನಿಗೆ ಸಾವಿರ ಜನರ ಮಂದಿರ ಕೇಳಿಸಿದರೆ ಕಣ್ಣು ನಂಬುವುದಿಲ್ಲ. ಕಣ್ಣು ನಂಬದಿದ್ದರೆ ಕಿವಿಯೂ ನಂಬುವುದಿಲ್ಲ. ಅತಿ ಸಣ್ಣ ಕೋಣೆಯ ಗುಂಡಿ ಯಾವುದೋ ಅದೇ ಸರಿ. ಗೆಳೆಯನೊಬ್ಬ ಇದನ್ನು ಒಪ್ಪದೆ ‘ಹಾಲ್’ ಗುಂಡಿಯಲ್ಲೇ ‘ಕಾಂತಾರ’ ಕೇಳುತ್ತಾನೆ. ದೈವದ ಕೂಗು ಕಾಡಿನಿಂದ ಎದ್ದು ಬರಬೇಕಾದದ್ದು ಅವನ ಮನೆಯಲ್ಲಿ ಕಲ್ಯಾಣಮಂಟಪದಿಂದ ಬರುತ್ತದೆ. ಅವನಿಗೆ ಅದೇ ಇಷ್ಟವಂತೆ. ಇಷ್ಟವಿರಲಿ, ನನಗೆ ಕೇಳಿಸಲು ಕರೆಯದಿದ್ದರಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಹಳೆಯದನ್ನು ಹಿಗ್ಗಿಸುವುದು. 1973ರ ‘ಗಂಧದ ಗುಡಿ’ ಮೋನೊ ಚಿತ್ರ. ಕಾಡು, ಆನೆ, ರಾಜನ್-ನಾಗೇಂದ್ರರ ಸಂಗೀತ, ಎಲ್ಲವೂ ಒಂದೇ ಹಳಿಯಲ್ಲಿ. ಅದನ್ನು ಸುಮ್ಮನೆ ನಡುವಿನ ಚಾನೆಲ್ಲಿಗೆ ಕೊಡಬೇಕು. ಆಗ ಇಡೀ ಚಿತ್ರ ಪರದೆಯ ಒಂದೇ ಕಿಂಡಿಯಿಂದ ಹಳೆಯ ಟಾಕೀಸಿನಲ್ಲಿ ಬಂದ ಹಾಗೇ ಬರುತ್ತದೆ. ಹಿಗ್ಗಿಸಿ ಐದು ಕಡೆ ಹರಡುವುದು ಯಾಕೆ? ಅದಾದರೂ ಸಹಿಸಬಹುದು, ಹಳೆಯ ಹಾಡುಗಳನ್ನು ‘8ಡಿ’ ಮಾಡಿ ಹಂಚುವ ಪುಣ್ಯಾತ್ಮರಿದ್ದಾರಲ್ಲ, ಅವರನ್ನು ಏನು ಮಾಡುವುದು? ಅದರಲ್ಲಿ ಎಂಟೂ ಇಲ್ಲ, ಡಿ-ಯೂ ಇಲ್ಲ. ಹಾಡನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗಿರಗಿರನೆ ತಿರುಗಿಸಿ ಮೇಲೊಂದು ಚಮಚ ಪ್ರತಿಧ್ವನಿ ಸುರಿದಿರುತ್ತಾರೆ. ತಾಳವಾಡಿಯ ದಾರಿಯ ಗಾಜನೂರಿನ ರಾಜಕುಮಾರ್ ಅಂದರೆ ನಮಗೆ ಪಕ್ಕದ ಊರಿನವರು, ಮನೆಯವರಿದ್ದ ಹಾಗೆ. ಅವರು ನಿಂತು ಹಾಡಿದ ಹಾಡು ನನ್ನ ತಲೆಗೆ ಪ್ರದಕ್ಷಿಣೆ ಬರುವುದು ಯಾವ ನ್ಯಾಯ? ದೇವರು ಯಾರು, ಭಕ್ತ ಯಾರು ಇಲ್ಲಿ? ಇದನ್ನು ‘ಹೆಡ್‌ಫೋನ್ ಹಾಕಿ ಕೇಳಿ’ ಎಂದು ಬೇರೆ ಕಳಿಸುತ್ತಾರೆ, ಮದುವೆ ಕಾಗದ ಕಳಿಸುವಷ್ಟು ಶ್ರದ್ಧೆಯಿಂದ.

ಸುತ್ತುವ ಸದ್ದು ಬೇಕಿದ್ದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಮಾದಪ್ಪನ ಗುಡ್ಡರ ಬೀಸು ಕಂಸಾಳೆ ಇದೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸುತ್ತ, ಬಗ್ಗುತ್ತ, ಪಕ್ಕದವನ ಬಟ್ಟಲಿಗೆ ಹೊಡೆಯುತ್ತ ಸುತ್ತುತ್ತಾರೆ. ಕಂಚಿನ ಆ ಚುರುಕು ಸದ್ದಿನಲ್ಲಿ ಮೇಲುಸ್ವರ ತುಂಬಿಕೊಂಡಿರುವುದರಿಂದ ಎಲ್ಲಿ ಹೊಡೆದರೆಂದು ಕಿವಿಗೆ ಕಣ್ಣುಮುಚ್ಚಿದರೂ ಗೊತ್ತಾಗುತ್ತದೆ. ತಂಬೂರಿಯ ಎಳೆದ ನಾದಕ್ಕೆ ಆ ಗುಣವಿಲ್ಲ. ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದೂ ಇಲ್ಲ. ಪರಿಚಯದ ಮೇಳದವರು ಅಭ್ಯಾಸ ಮಾಡುವಾಗ ನಡುವೆ ನಿಲ್ಲಲು ಬಿಟ್ಟರು. ನನ್ನ ಎರಡೂ ಕಿವಿಯ ಬಾಯಿಗೆ ಕಡಲೆಕಾಳಿಗಿಂತ ತುಸು ದೊಡ್ಡ ಮೈಕುಗಳನ್ನು ಸಿಕ್ಕಿಸಿಕೊಂಡು, ಕತ್ತು ಅಲ್ಲಾಡಿಸದೆ ನಿಂತೆ. ಅಷ್ಟೇ. ಪೆಟ್ಟಿಗೆ ಬೇಡ, ಗುಂಡಿ ಬೇಡ, ಲೆಕ್ಕ ಬೇಡ. ಮನೆಗೆ ಬಂದು ಬರೀ ಹೆಡ್‌ಫೋನಿನಲ್ಲಿ ಕೇಳಿದರೆ ಒಬ್ಬೊಬ್ಬರೂ ಅವರವರ ಜಾಗದಲ್ಲಿದ್ದಾರೆ. ಎದುರಿನವನು ಎದುರಿಗೇ, ಮಾರು ದೂರದಲ್ಲಿ. ಬೆನ್ನ ಹಿಂದಿನವನು ಬಗ್ಗಿದಾಗ ಸದ್ದು ನನ್ನ ಸೊಂಟದ ಮಟ್ಟಕ್ಕೆ ಇಳಿಯುತ್ತದೆ.

ಉತ್ಸಾಹದಿಂದ ಅಕ್ಕನಿಗೆ ಕೇಳಿಸಿದೆ. ‘ಎಲ್ಲಾ ಹಿಂದಗಡಯೇ ಕುಣೀತಾವ್ರಲ್ಲ, ಮುಂದಗಡ ಯಾರೂ ಇಲ್ವಾ?’ ಎಂದಳು.

ಅವಳದೂ ಸರಿ. ಅದು ನನ್ನ ಕಿವಿ. ಅವಳ ಕಿವಿಯ ಮಡಿಕೆಗಳೇ ಬೇರೆ, ಹುಟ್ಟಿದಾಗಿನಿಂದ ಅವಳ ಮೆದುಳು ಓದಲು ಕಲಿತದ್ದು ಆ ಮಡಿಕೆಗಳನ್ನು. ಪೆಟ್ಟಿಗೆ ಮಾರುವವರಿಗೂ ಇದೇ ತಲೆನೋವು. 1972ರಲ್ಲಿ ಅಮೆರಿಕದಲ್ಲಿ ಕೆಮಾರ್ ಎಂಬ ಬೊಂಬೆ ಮಾಡಿದರು, ಸರಾಸರಿ ಮನುಷ್ಯನ ಅಳತೆಯ ತಲೆ, ಮೈ, ರಬ್ಬರಿನ ಕಿವಿ. 1994ರಲ್ಲಿ ಎಂಐಟಿಯಲ್ಲಿ ಅದರ ಕಿವಿಯೊಳಗೆ ಮೈಕಿಟ್ಟು ಸುತ್ತಲಿಂದ ಸದ್ದು ಮಾಡಿ ಅಳೆದು, ಆ ಅಳತೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಸಾಮಾನ್ಯ ಪೆಟ್ಟಿಗೆಯೊಳಗೆ ಇಂಥದೇ ಯಾವುದೋ ಸರಾಸರಿ ಕಿವಿ ಕೂತಿರುತ್ತದೆ. ನಿಮ್ಮ ಕಿವಿ ಆ ಬೊಂಬೆಗೆ ಹತ್ತಿರವಿದ್ದರೆ ‘ಅದ್ಭುತ’ ಎನ್ನುತ್ತೀರಿ, ಇಲ್ಲದಿದ್ದರೆ ‘ಎಲ್ಲ ಮೋಸ’ ಎನ್ನುತ್ತೀರಿ. ಇಬ್ಬರೂ ಜಗಳಕ್ಕೆ ನಿಲ್ಲುತ್ತೀರಿ. ಕ್ರಿಯೇಟಿವ್ ಕಂಪನಿಯವರು ಫೋನಿನಲ್ಲಿ ನಿಮ್ಮ ಕಿವಿಯ ಫೋಟೊ ತೆಗೆಸಿ ಅಂದಾಜು ಕಟ್ಟುತ್ತಾರೆ. ಸ್ಮಿತ್ ರಿಯಲೈಸರ್ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ: ನಿಮ್ಮ ಕಿವಿಯಲ್ಲೇ ಮೈಕಿಟ್ಟು ಒಳ್ಳೆಯ ಥಿಯೇಟರಿನಲ್ಲಿ ಕೂರಿಸಿ ಅಳೆದರೆ, ಆ ಥಿಯೇಟರನ್ನೇ ಹೆಡ್‌ಫೋನಿಗೆ ತುಂಬಿ ಕೊಡುತ್ತದೆ, ತಲೆ ಹೊರಳಿಸಿದರೂ ಸ್ಪೀಕರುಗಳು ಜಾಗ ಬಿಟ್ಟು ಕದಲುವುದಿಲ್ಲ. ಬೆಲೆ ಲಕ್ಷಗಳಲ್ಲಿ. ನಮ್ಮ ಕಡೆ ಅರಿಸಿನ ಬೆಳೆದು ಅದನ್ನು ಕೊಂಡವರನ್ನು ನಾನು ನೋಡಿಲ್ಲ.

ಈಗ ನನ್ನ ಕಣ್ಣು ಚಾಮರಾಜನಗರದ ತೇರಿನ ಮೇಲಿದೆ. ಎಲ್ಲ ಕಡೆ ಹೊಸ ಗಂಡಹೆಂಡಿರನ್ನು ಬೇರೆ ಇಡುವ ಆಷಾಢದಲ್ಲಿ ನಮ್ಮಲ್ಲಿ ಚಾಮರಾಜೇಶ್ವರನ ತೇರಿಗೆ ಜೋಡಿಯಾಗಿಯೇ ಬರುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ನಿಂತಿದ್ದ ಉತ್ಸವ 2022ರಲ್ಲಿ ಹೊಸ ತೇರಿನೊಂದಿಗೆ ಮತ್ತೆ ಶುರುವಾಯಿತು. ಹೊಸ ಗಾಲಿ ಕಿರುಗುಟ್ಟುವುದು, ಹಗ್ಗ ಬಿಗಿಯುವುದು, ಹಣ್ಣು-ಜವನ ಬಂದು ತೇರಿಗೆ ಬಡಿಯುವುದು, ನೆತ್ತಿಯ ಮೇಲೆ ಗಂಟೆ. ಡಾಲ್ಬಿಯವರು 2012ರಲ್ಲಿ ಆಟ್ಮಾಸ್ ಎಂದು ತಲೆಯ ಮೇಲೂ ಸ್ಪೀಕರು ಹಾಕಿ ಹೆಸರು ಮಾಡಿದ್ದು ಇಂಥ ಸದ್ದಿಗೇ ತಾನೆ? ಇದನ್ನು ಅಕ್ಕನ ಕಿವಿಯಲ್ಲೇ ಮೈಕಿಟ್ಟು ರೆಕಾರ್ಡ್ ಮಾಡಿದರೆ ಅವಳಿಗಾದರೂ ಮುಂದಿನದು ಮುಂದೆ ಕೇಳಿಸೀತು. ಕೇಳಿದೆ. ಕತ್ತು ಅಲ್ಲಾಡಿಸಬಾರದು, ಮಾತಾಡಬಾರದು, ಅರ್ಧ ಗಂಟೆ ಸಾಕು ಎಂದೆ.

‘ತೇರ್‌ಗ ಹೋಗಿ ತಲ ಅಲ್ಲಾಡಿಸ್ದಂಗ, ಮಾತಾಡ್ದಂಗ ನಿಂತ್ಕಳಕ್ಕ ನಾನೇನ್ ನಿನ್ ವೈರಿಲ್ದ ಸ್ಪೀಕ್ರ?’ ಎಂದವಳು, ಹಣ್ಣು ಎಸೆಯುವಾಗ ಮಾತ್ರ ಹತ್ತು ನಿಮಿಷ ನಿಲ್ಲುತ್ತೇನೆಂದು ಒಪ್ಪಿದ್ದಾಳೆ. ಎಸೆಯುವಾಗ ಕತ್ತು ಅಲ್ಲಾಡದೆ ಇರುತ್ತದೆಯೇ? ಭಾವನ ಹತ್ತಿರ ಎಸೆಯಿಸಬೇಕು.